ಗುರುವಾರದ ಬಾವುಟ

ಹಗ್ಗದ ಗಂಟನ್ನು ಅರ್ಧ ಬಿಚ್ಚಿದ್ದ ನೋರೀನ್ ಅಲ್ಲಿಗೇ ಕೈ ನಿಲ್ಲಿಸಿ ತಲೆಯೆತ್ತಿ ನೋಡಿದಳು. ಸ್ಕೌಟ್ ಹಾಲ್‌ನ ಒಳಗಿನ ಕಂಬದ ತುದಿಯಲ್ಲಿ, ಮರದ ತೊಲೆಗೆ ತಾಗಿಕೊಂಡ ಹಾಗೆ, ಬಾವುಟ ಇನ್ನೂ ಇತ್ತು. ಗುರುವಾರ ಸಂಜೆ ಏರಿಸಿದ್ದು. ಇವತ್ತು ಬುಧವಾರ.

ಅವಳು ಬಂದದ್ದು ಬಾವುಟಕ್ಕಲ್ಲ, ಕ್ಲೆಮ್ ಟ್ರೆವೆನಾನ ಟೋಪಿಗೆ. ಶವಪೆಟ್ಟಿಗೆಯ ಮೇಲಿಡಲು ಬೇಕೆಂದು ಪಾದ್ರಿಗಳು ಕೇಳಿದ್ದರು. ಟೋಪಿ ಕುರ್ಚಿಯ ಮೇಲಿತ್ತು, ಟೋಪಿಯೊಳಗೆ ಸೀಟಿ ಇತ್ತು. ಕುರ್ಚಿ ಬಾಗಿಲ ಕಡೆ ಮುಖ ಮಾಡಿತ್ತು. ಬಾಗಿಲು ತೆರೆದುಕೊಂಡು, ದೀಪ ಹಚ್ಚಿಕೊಂಡು, ಅದೇ ಕುರ್ಚಿಯಲ್ಲಿ ಕೂತಲ್ಲೇ ಕ್ಲೆಮ್ ಪ್ರಾಣ ಬಿಟ್ಟಿದ್ದ.

"ಏನೇ, ಟೋಪಿ ಸಿಗ್ಲಿಲ್ವಾ? ಎಷ್ಟೊತ್ತು?" ಬಾಗಿಲಲ್ಲಿ ವಾಸಿಲಿಕಿ ನಿಂತಿದ್ದಳು. ಎದುರು ರಸ್ತೆಯಲ್ಲಿ ಮೀನು ಕರಿದು ಮಾರುವ ಅಂಗಡಿ ಅವಳದು. ಗುರುವಾರ ರಾತ್ರಿ ಅಂಗಡಿ ಮುಚ್ಚುವಾಗ ಹಾಲ್‌ನಲ್ಲಿ ದೀಪ ಕಂಡು ಬಂದು, ಸತ್ತವನನ್ನು ಮೊದಲು ನೋಡಿದವಳೂ ಅವಳೇ.

"ಬಾವುಟ ಇಳಿಸಿಲ್ಲ ಕಣೇ."

"ಇಳಿಸೋನೇ ಹೋದ. ಇನ್ಯಾರು ಇಳಿಸ್ತಾರೆ?"

ವಾಸಿಲಿಕಿಗೆ ಅದು ಬಟ್ಟೆ. ನೋರೀನಳಿಗೆ ಹಾಗಲ್ಲ. ಮೂವತ್ತು ವರ್ಷ ಬರ್ರಿಗಲ್ ಊರಿನ ಸ್ಕೌಟ್ ದಳದಲ್ಲಿ ಅವಳು ಕ್ಲೆಮ್‌ನ ಪಕ್ಕ ನಿಂತವಳು. ಏರಿಸಿದ ಬಾವುಟವನ್ನು ಇಳಿಸದೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಬಂದವರಲ್ಲಿ ಎಲ್ಲರಿಗಿಂತ ಕಿರಿಯರು ಬಾವುಟ ಇಳಿಸಿ, ಮಡಿಸಿ, ಸ್ಕಿಪ್‌ನ ಕೈಗೆ ಕೊಡಬೇಕು. ದಳದ ನಾಯಕನಾದ ಕ್ಲೆಮ್ ಊರಿಗೆಲ್ಲ ಸ್ಕಿಪ್ಪೇ. ಆಗ ಸ್ಕಿಪ್ ಹೇಳುತ್ತಿದ್ದ: "ಗುರುವಾರ. ಆರೂವರೆ. ತಡ ಮಾಡಬೇಡಿ." ಆ ಮಾತು ಬಿದ್ದ ಮೇಲೆಯೇ ಸಭೆ ಮುಗಿದ ಹಾಗೆ. ಮರ ಬಿದ್ದು ಊರಿನ ಕರೆಂಟು ಹೋದ ದಿನವೂ ಕ್ಲೆಮ್ ಇದನ್ನು ತಪ್ಪಿಸಿದವನಲ್ಲ.

ಹಾಗಾದರೆ ಕಳೆದ ಗುರುವಾರದ ಸಭೆ ಇನ್ನೂ ಮುಗಿದಿಲ್ಲ. ಯಾರೂ ಮನೆಗೆ ಹೋಗಿಲ್ಲ. ನೋರೀನ್ ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದಳು.

"ಒಂದು ಮಾತು ಹೇಳ್ಲಾ? ಬಯ್ಯಬೇಡ," ವಾಸಿಲಿಕಿ ದನಿ ತಗ್ಗಿಸಿದಳು. "ಈ ಚಳಿಗಾಲ ಪೂರ್ತಿ ಅವನ ತಲೆ ನೆಟ್ಟಗಿರಲಿಲ್ಲ. ಗುರುವಾರ ಬಂತು ಅಂದ್ರೆ ಬಾಗಿಲು ಹಾರು ಹೊಡೆದು, ಕೋಟು ಹಾಕ್ಕೊಂಡು ಇಲ್ಲಿ ಕೂತು ಒಬ್ಬನೇ ಮಾತಾಡ್ತಿದ್ದ. ಕತ್ತಲೆ ಜೊತೆ. ನಗ್ತಾನೂ ಇದ್ದ. ನಾನು ಶಿಲುಬೆ ಗುರುತು ಮಾಡ್ಕೊಂಡು ಒಳಗೆ ಹೋಗ್ತಿದ್ದೆ."

"ಮಗು ಇರುತ್ತಲ್ಲ? ಡೀನ್ ಮಗಳು, ಮೀಕಾ?"

"ಹಾಲ್ ಒಳಗೆ ಮಗು ನಾ ಕಾಣೆ. ಒಬ್ಬನೇ ಇದ್ದ ಕಣೇ."

ನೋರೀನ್ ಸೀಟಿಯನ್ನು ಜೇಬಿಗೆ ಹಾಕಿ, ಟೋಪಿಯನ್ನು ಎದೆಗೊತ್ತಿಕೊಂಡು ಹೊರಬಂದಳು. ಬಾಗಿಲಿಗೆ ಬೀಗ ಹಾಕುವಾಗ ಒಳಗೆ ಯಾರನ್ನೋ ಕೂಡಿಹಾಕಿದಂತೆ ಅನ್ನಿಸಿತು.

*

ಚರ್ಚಿನಲ್ಲಿ ಜನವೋ ಜನ. ಮರದ ಮಿಲ್ಲು ಮುಚ್ಚಿದ ಮೇಲೆ ಈ ಬೆಟ್ಟದ ಊರಿನಲ್ಲಿ ಇಷ್ಟು ತಲೆ ಒಟ್ಟಿಗೆ ಕಂಡದ್ದೇ ಇಲ್ಲ. ಶಾಲೆಯ ಬಸ್ಸು ಓಡಿಸಿಕೊಂಡು, ಮದುವೆಯಾಗದೆ, ಒಂದೇ ಕೋಟಿನಲ್ಲಿ ಹತ್ತಾರು ಚಳಿಗಾಲ ಕಳೆದ ಮನುಷ್ಯನಿಗೆ ಇಷ್ಟು ಜನ! ಒಬ್ಬೊಬ್ಬರೂ ಎದ್ದು ನಿಂತು, ಸ್ಕಿಪ್ ನನಗೆ ಈಜು ಕಲಿಸಿದರು, ಸ್ಕಿಪ್ ನನಗೆ ಬೆಂಕಿ ಹಚ್ಚೋದು ಕಲಿಸಿದರು, ಈ ದಳ ನಮ್ಮೂರಿನ ಉಸಿರು ಎಂದರು. ಬಾಯಿಮಾತಿಗೆ ಬಡತನವೇ? ಆ ಉಸಿರಿಗೆ ಕಳೆದ ವರ್ಷ ಛಾವಣಿ ಹೊದಿಸಲು ಕರೆದಾಗ ಇವರಲ್ಲಿ ಇಬ್ಬರು ಬಂದಿದ್ದರು, ಅವರಲ್ಲೊಬ್ಬ ಏಣಿ ವಾಪಸು ಕೇಳಲು.

ಹೊರಗೆ ಅಂಗಳದಲ್ಲಿ ಜಿಲ್ಲಾ ಕಮಿಷನರ್ ಆಲಿಸ್ಟರ್ ಫೆನ್ ನೋರೀನಳ ಕೈ ಹಿಡಿದುಕೊಂಡ, ಸ್ಕೌಟರ ಪದ್ಧತಿಯಂತೆ ಎಡಗೈ. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಕೆಲಸ ಯಾವಾಗಲೂ ಒಳ್ಳೆಯವರಿಗೇ ಬೀಳುತ್ತದೆ.

"ಇವತ್ತೇ ಕೇಳೋಕೆ ನಾಚಿಕೆ ಆಗುತ್ತೆ ನೋರೀನ್. ಆದ್ರೆ ನಾಳೆ ಹಾಲ್ ಕೊಳ್ಳೋ ಜನ ನೋಡೋಕೆ ಬರ್ತಾರೆ. ಸಂಜೆ ಹೋಗುವಾಗ ಕೀಲಿಕೈ ಕೊಟ್ಟುಬಿಡು."

"ಇಷ್ಟು ಬೇಗನಾ?"

"ಎಷ್ಟು ದಳ ಮುಚ್ಚಿದೀನಿ ಗೊತ್ತಾ ಈ ವರ್ಷ? ವಿಮೆ ಕಟ್ಟೋಕಾಗಲ್ಲ, ಛಾವಣಿ ಸೋರುತ್ತೆ, ಮಕ್ಕಳಿಲ್ಲ. ಮಕ್ಕಳಿದ್ದ ಕಡೆ ಲೀಡರ್ ಇಲ್ಲ." ಅವನು ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಒಂದು ದಾರಿ ಇದೆ. ನಿನ್ನ ಜೊತೆ ಇನ್ನೊಬ್ಬರು ದೊಡ್ಡೋರು ಲೀಡರ್ ಆಗ್ತೀನಿ ಅಂತ ನಿಂತ್ರೆ, ಮೇಲಿನವರ ಕಾಲು ಹಿಡಿದು ಒಂದು ವರ್ಷ ತಡೀತೀನಿ. ಒಬ್ಬರೇ ಒಬ್ಬರು. ಇಲ್ಲಾಂದ್ರೆ ಕೀಲಿಕೈ."

ನಿಜ ಹೇಳಬೇಕೆಂದರೆ ನೋರೀನಳಿಗೆ ಒಳಗೊಳಗೇ ಹಗುರವಾಯಿತು. ಬೇಕರಿಯಲ್ಲಿ ಬೆಳಗಿನಿಂದ ನಿಂತು ನಿಂತು ಮಂಡಿ ಸವೆದಿತ್ತು. ಮುಗಿದರೆ ಮುಗಿಯಲಿ. ಆದರೂ ಕೇಳಲಿಲ್ಲ ಎಂದಾಗಬಾರದೆಂದು, ಸ್ಮಶಾನಕ್ಕೆ ನಡೆಯುವ ದಾರಿಯಲ್ಲಿ ಮೂವರನ್ನು ಕೇಳಿದಳು.

"ನಾನಾ? ಗುರುವಾರ ಫುಟ್‌ಬಾಲ್ ತರಬೇತಿ ಇದೆಯಲ್ಲ, ಮಾರಾಯ್ತಿ."

"ಗಂಡನ್ನ ಕೇಳಿ ಹೇಳ್ತೀನಿ," ಎಂದಳು ಗಂಡನನ್ನು ಯಾವತ್ತೂ ಏನೂ ಕೇಳದ ಒಬ್ಬಳು.

"ಸ್ಕಿಪ್ ಥರ ನಮ್ಮಿಂದ ಆಗುತ್ತಾ? ಅವರ ಹೆಸರು ಕೆಡಿಸೋದು ಬೇಡ."

ಇದೊಂದು ಹೊಸ ಬಗೆಯ ನೆಪ. ಗೌರವದ ಸೆರಗಿನಲ್ಲಿ ಸುತ್ತಿ ಕೊಟ್ಟದ್ದು.

ಮಣ್ಣು ಹಾಕಿ ಆದ ಮೇಲೆ ಡೀನ್ ಹಾರ್ಲಂಡ್ ಬೇಲಿಯ ಬಳಿ ಒಬ್ಬನೇ ನಿಂತಿದ್ದ. ಲಾರಿ ರಿಪೇರಿ ಮಾಡುವವನು, ಬೆರಳ ಸಂದಿಯ ಮಸಿ ಇವತ್ತೂ ಹೋಗಿರಲಿಲ್ಲ. ಚಿಕ್ಕವನಿದ್ದಾಗ ಇದೇ ದಳದಲ್ಲಿ ಬೆಳೆದವನು. ಅವನ ಹನ್ನೊಂದು ವರ್ಷದ ಮಗಳು ಮೀಕಾ ದಳದ ಕಟ್ಟಕಡೆಯ ಮಗು.

"ಕಳೆದ ಗುರುವಾರ ನಾನು ಕರ್ಕೊಂಡು ಬರಲಿಲ್ಲ ನೋರೀನ್," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ಒಂದು ಲಾರಿ ಕೆಟ್ಟು ನಿಂತಿತ್ತು. ಬರೋಲ್ಲ ಅಂತ ಫೋನೂ ಮಾಡ್ಲಿಲ್ಲ. ಅವರು ಕಾಯ್ತಾ ಇದ್ರು ಅನ್ಸುತ್ತೆ."

"ನಿನ್ನ ತಪ್ಪೇನಿದೆ ಅದರಲ್ಲಿ?"

"ಮೀಕಾ ಹಾಗೆ ಅಂದುಕೊಂಡಿಲ್ಲ. ನಾನಿದ್ದಿದ್ರೆ ಮೆಟ್ಟಿಲಿಂದ ಕಾಣ್ತಿತ್ತು, ಓಡಿಹೋಗಿ ಯಾರನ್ನಾದ್ರೂ ಕರೀತಿದ್ದೆ ಅಂತಾಳೆ."

"ಮೆಟ್ಟಿಲಿಂದ ಯಾಕೆ?"

ಡೀನ್ ಅವಳ ಮುಖ ನೋಡಿದ. "ನಿಮಗೆ ಗೊತ್ತಿಲ್ವಾ? ನೀವು ಬರೋದು ಬಿಟ್ಟ ಮೇಲೆ ಸ್ಕಿಪ್ ಅವಳನ್ನ ಹಾಲ್ ಒಳಗೆ ಬಿಟ್ಟೇ ಇಲ್ಲ."

*

ನೋರೀನ್ ಬರುವುದು ಬಿಟ್ಟದ್ದು ಜೂನ್‌ನಲ್ಲಿ, ಈ ದಕ್ಷಿಣದ ನಾಡಿಗೆ ಚಳಿಗಾಲ ಕಾಲಿಡುವ ತಿಂಗಳಲ್ಲಿ. ಬೇಕರಿಯ ಗಾಜಿನಾಚೆ ಕ್ಲೆಮ್ ಕೈ ಉಜ್ಜಿಕೊಂಡು ನಿಂತಿದ್ದ, ಕುತ್ತಿಗೆಗೆ ಆಗಲೇ ಸ್ಕಾರ್ಫ್.

"ಸಂಜೆ ಬರ್ತೀಯಲ್ಲ?"

"ಮಂಡಿ ನೋವು ಕಣೋ ಕ್ಲೆಮ್."

"ಸರಿ, ಸರಿ. ಮುಂದಿನ ವಾರ."

"ಮುಂದಿನ ವಾರಾನೂ ಇರುತ್ತೆ ಈ ನೋವು." ಅವಳಿಗೆ ಅಂದು ಎಲ್ಲಿಲ್ಲದ ಸಿಟ್ಟು. ಬ್ರೆಡ್ಡು ಸೀದಿತ್ತು, ಬೆನ್ನು ಬಿರಿಯುತ್ತಿತ್ತು. "ಒಂದು ಮಗು, ಎರಡು ಮುದಿಗೂಬೆ. ಅಷ್ಟು ದೊಡ್ಡ ಹಾಲ್ ಬೆಚ್ಚಗೆ ಮಾಡ್ಕೊಂಡು, ಬಾವುಟ ಏರಿಸಿ ಇಳಿಸಿ... ಯಾವ ನಾಟಕ ಇದು? ಊರು ನಗುತ್ತೆ."

ಕ್ಲೆಮ್ ನಕ್ಕ. "ನಗ್ಲಿ ಬಿಡು. ಈ ಊರಲ್ಲಿ ನಗೋಕೆ ಇನ್ನೇನಿದೆ? ನೀನು ಮಂಡಿಗೆ ಶಾಖ ಕೊಟ್ಕೋ. ನಾನು ನೋಡ್ಕೋತೀನಿ."

ನಾನು ನೋಡ್ಕೋತೀನಿ. ಅವಳು ಅದನ್ನು ನಂಬಿದಳು. ನಂಬುವುದು ಅನುಕೂಲವಾಗಿತ್ತು. ಆಮೇಲಿನ ಗುರುವಾರಗಳೆಲ್ಲ ಕಾಲ ಮೇಲೆ ಕಂಬಳಿ ಎಳೆದುಕೊಂಡು ಟೀವಿ ನೋಡಿದಳು. ಅವನು ಬೇಕರಿಗೆ ಬಂದಾಗ ಕೆಮ್ಮುತ್ತಿದ್ದ. "ಔಷಧಿ ತಗೊಳ್ಳೋ," ಎಂದು ಬೈದು ಕಳಿಸುತ್ತಿದ್ದಳು.

*

"ಇಬ್ಬರು ಲೀಡರು ತಂತಮ್ಮ ಜಾಗದಲ್ಲಿ ನಿಲ್ಲದೆ ಮಗು ಹೊಸ್ತಿಲು ದಾಟೋ ಹಾಗಿಲ್ಲ. ನಿಯಮ ಅಲ್ವಾ?" ಡೀನ್ ಹೇಳುತ್ತಿದ್ದ. "ನಾನೇ ಅಂದೆ, ಸ್ಕಿಪ್, ನಿಮ್ಮನ್ನ ನಾನು ನಂಬ್ತೀನಿ, ನೀವೇ ಸಾಕಿದ ಹುಡುಗ ನಾನು ಅಂತ. ಒಪ್ಪಲಿಲ್ಲ. ನೀನು ನಂಬ್ತೀಯ ಅಂತ ನಿಯಮ ಮುರಿದ್ರೆ, ನಂಬಬಾರದವನನ್ನೂ ಯಾವನೋ ನಂಬ್ತಾನೆ ಕಣೋ ಅಂದ್ರು."

ಆ ಹಟ ಯಾಕೆಂದು ನೋರೀನಳಿಗೆ ಗೊತ್ತಿತ್ತು. ಬೇರೆ ಊರುಗಳ ಹೊಲಸು ಸುದ್ದಿಗಳು ಪೇಪರಿನಲ್ಲಿ ಬಂದಾಗ, ಒಂಟಿ ಗಂಡಸು, ಮಕ್ಕಳ ಸಹವಾಸ ಎಂದು ಇದೇ ಊರಿನ ಒಂದೆರಡು ನಾಲಿಗೆ ಹೊರಳಿತ್ತು. ಕ್ಲೆಮ್ ಒಂದು ಮಾತೂ ಆಡಿರಲಿಲ್ಲ. ಅವತ್ತಿನಿಂದ, ನೋರೀನ್ ಬರುವುದು ಎರಡು ನಿಮಿಷ ತಡವಾದರೂ ಮಕ್ಕಳನ್ನೆಲ್ಲ ಅಂಗಳದಲ್ಲೇ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಮತ್ತೆ? ವಾಪಸು ಕಳಿಸ್ತಿದ್ನಾ?"

"ಅಯ್ಯೋ, ಕಳಿಸೋ ಜನವೇ ಅವರು? ಇವಳು ಹೊರಗೆ ಮೆಟ್ಟಿಲ ಮೇಲೆ, ಅವರು ಒಳಗೆ ಕುರ್ಚಿ ಮೇಲೆ. ನಡುವೆ ಹೊಸ್ತಿಲು. ಅದರ ಮೇಲಿಂದ ಹಗ್ಗ ಹಾಕಿ ಗಂಟು ಕಲಿಸ್ತಿದ್ರು. ಬಾವುಟ ಏರಿಸಿದ್ರೆ ಇವಳು ಹೊರಗಿಂದಾನೇ ಸಲ್ಯೂಟ್. ಮೆಟ್ಟಿಲಿಗೆ ನೀರಿನ ಟ್ಯಾಂಕ್ ಮರೆ, ಇವಳು ಬೀದಿಗೆ ಕಾಣ್ತಿರಲಿಲ್ಲ. ನಾನು ತಿರುವಿನಲ್ಲಿ ಇಳಿಸಿ ಹೋಗ್ತಿದ್ದೆ." ಡೀನ್ ಮೂಗೊರೆಸಿಕೊಂಡ. "ಬಾಗಿಲು ಹಾಕಿದ್ರೆ ಮಗು ಒಂಟಿಯಾಗುತ್ತೆ ಅಂತ, ಆ ಚಳಿಯಲ್ಲಿ ಬಾಗಿಲು ತೆರೆದೇ ಇಡ್ತಿದ್ರು. ಇವಳಿಗೆ ಕಂಬಳಿ ಕೊಟ್ಟು, ಅವರು ಬರೀ ಕೋಟಿನಲ್ಲಿ ಕೂರ್ತಿದ್ರು."

ಕೆಮ್ಮು. ಆ ಕೆಮ್ಮು ಎಲ್ಲಿಯದೆಂದು ನೋರೀನಳಿಗೆ ಈಗ ತಿಳಿಯಿತು. ಒಂದೇ ಒಂದು ಸಲ ಅವನು, ನೀನು ಬರದಿದ್ದರೆ ಮಗು ಹೊರಗೆ ಕೂರುತ್ತೆ ನೋರೀನ್, ಎಂದಿದ್ದರೆ ಸಾಕಿತ್ತು. ತೆವಳಿಕೊಂಡಾದರೂ ಬರುತ್ತಿದ್ದಳು. ಅವನು ಹೇಳಲಿಲ್ಲ. ಹೇಳಿಸಿಕೊಂಡು ಬರುವವರು ಬೇಕಾಗಿರಲಿಲ್ಲವೇನೋ ಅವನಿಗೆ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು.

"ಡೀನ್," ಎಂದಳು. "ಇನ್ನೊಬ್ಬ ಲೀಡರ್ ಸಿಕ್ಕಿದ್ರೆ ದಳ ಉಳಿಯುತ್ತಂತೆ. ನೀನು ನಿಲ್ತೀಯಾ ನನ್ನ ಜೊತೆ?"

ಅವನು ಬೇಲಿಯ ತಂತಿ ಹಿಡಿದುಕೊಂಡ. "ಗುರುವಾರ ಗ್ಯಾರೇಜಿನಲ್ಲಿ ತುಂಬಾ ಕೆಲಸ ನೋರೀನ್," ಎಂದ. "ಇದೊಂದು ಬಿಟ್ಟು ಇನ್ನೇನಾದ್ರೂ ಕೇಳಿ."

*

ಈ ಡೀನ್‌ಗೇ ಒಮ್ಮೆ, ಒಂಬತ್ತೋ ಹತ್ತೋ ವರ್ಷದವನಿದ್ದಾಗ, ಸೀತಾಳೆ ಸಿಡುಬು ಬಂದಿತ್ತು. ಆಗ ದಳದಲ್ಲಿ ನಲವತ್ತು ಮಕ್ಕಳು. ಕುದುರೆ ಲಾಳದ ಆಕಾರದಲ್ಲಿ ನಿಲ್ಲಿಸಿದರೆ ಹಾಲ್ ಸಾಲುತ್ತಿರಲಿಲ್ಲ. ಬೇರೆ ಊರಿನ ದಳಗಳಲ್ಲಿ ಯಾರಾದರೂ ಬಾರದಿದ್ದರೆ ಉಳಿದವರು ಸರಿದು ಸಾಲು ಮುಚ್ಚುತ್ತಾರೆ. ಕ್ಲೆಮ್ ಬಿಡುತ್ತಿರಲಿಲ್ಲ.

"ಜಾಗ ಮುಚ್ಚಬೇಡಿ. ಅವನು ವಾಪಸು ಬಂದಾಗ ಎಲ್ಲಿ ನಿಲ್ಲಬೇಕು?"

ಸಿಡುಬು ಮಾಗಿ, ಮುಖವೆಲ್ಲ ಕಲೆಯಾಗಿ, ನಾಚಿಕೊಂಡು ಬಂದ ಡೀನ್ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಒಳಗೆ ಲಾಳದ ನಡುವೆ ಅವನಷ್ಟೇ ಅಗಲದ ಜಾಗವೊಂದು ಖಾಲಿ ಇತ್ತು. ಯಾರೂ ಕರೆಯಲಿಲ್ಲ. ಅವನೇ ಹೋಗಿ ಅದರಲ್ಲಿ ನಿಂತುಕೊಂಡ.

*

ಮಧ್ಯಾಹ್ನದ ಚಹಾ ಹಾಲ್‌ನಲ್ಲೇ. ಮೊಟ್ಟೆಯ ಸ್ಯಾಂಡ್‌ವಿಚ್, ತೆಂಗಿನ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು, ವಾಸಿಲಿಕಿ ಹೊತ್ತು ತಂದ ಕರಿದ ಮೀನಿನ ತಟ್ಟೆಗಳು. ಜನ ಗಲಗಲ ಮಾತಾಡುತ್ತ ಒಳಗೆ ಬಂದರು. ಬಂದವರಲ್ಲಿ ಯಾರೋ ಒಬ್ಬ ಮೇಲೆ ನೋಡಿದ. ಪಕ್ಕದವನ ತೋಳು ಮುಟ್ಟಿದ. ಅವನೂ ನೋಡಿದ.

"ಬಾವುಟ ಮೇಲೇ ಇದೆಯಲ್ಲೋ."

"ಗುರುವಾರದ್ದು," ಎಂದಳು ನೋರೀನ್.

ಸುದ್ದಿ ತಟ್ಟೆಯಿಂದ ತಟ್ಟೆಗೆ ಹೋಯಿತು. ದನಿಗಳು ತಗ್ಗಿದವು. ಕೂದಲು ನರೆತವರು, ಹೊಟ್ಟೆ ಬಂದವರು, ಒಬ್ಬೊಬ್ಬರಾಗಿ ತಲೆಯೆತ್ತಿ ನೋಡಿ ಕಪ್ಪು ಕೆಳಗಿಟ್ಟರು. ಆಲಿಸ್ಟರ್ ಫೆನ್ ಹತ್ತಿರ ಬಂದ. "ಯಾರೂ ಸಿಗ್ಲಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದ. ನೋರೀನ್ ಇಲ್ಲವೆಂದು ತಲೆಯಾಡಿಸಿದಳು. ಅವನು ಕೈ ಚಾಚಲಿಲ್ಲ, ಆದರೆ ಕೀಲಿಕೈಗೆ ಕಾಯುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು.

"ಮೊದಲು ಸಭೆ ಮುಗಿಸ್ತೀನಿ. ಕ್ಲೆಮ್ ಮನೆಗೆ ಹೋಗ್ಲಿ," ಎಂದಳು.

ಕ್ಲೆಮ್‌ನ ಸೀಟಿ ಬಾಯಿಗಿಟ್ಟು ಊದಿದಳು. ಒಂದು ಉದ್ದ, ಎರಡು ಗಿಡ್ಡ.

ಕಾಲುಗಳೇ ನಡೆದವು. ಮಿಲ್ಲಿನ ಹಳಬರು, ಅಂಗಡಿಯವರು, ದೂರದ ಊರಿಂದ ಕಾರು ಓಡಿಸಿಕೊಂಡು ಬಂದವರು, ತಂತಮ್ಮ ಹಳೆಯ ಜಾಗ ಹುಡುಕಿಕೊಂಡು ಲಾಳವಾಗಿ ನಿಂತರು. ನಿಂತ ಮೇಲೆ ನೋಡಿದರೆ ಲಾಳದ ತುಂಬ ಸಂದುಗಳು. ಊರು ಬಿಟ್ಟವರ ಜಾಗ, ಸತ್ತವರ ಜಾಗ. ಯಾರೂ ಸರಿದು ಮುಚ್ಚಲಿಲ್ಲ. ಡೀನ್‌ನ ಬಲಕ್ಕೆ ಒಬ್ಬ ಹುಡುಗನಷ್ಟು ಜಾಗ ಖಾಲಿ ಇತ್ತು. ಅದು ಮನೋಲಿಸ್‌ನದು, ಹತ್ತೊಂಬತ್ತು ವರ್ಷಕ್ಕೇ ಮರದ ಲಾರಿಗಳ ರಸ್ತೆಯಲ್ಲಿ ಸತ್ತ ವಾಸಿಲಿಕಿಯ ಮಗನದು. ವಾಸಿಲಿಕಿ ಚಹಾದ ಕೆಟಲು ಹಿಡಿದು ಗೋಡೆಯ ಬಳಿ ನಿಂತಿದ್ದಳು. ಆ ಜಾಗವನ್ನು ನೋಡಿದಳು. ಕೆಟಲು ಇಟ್ಟು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಲಾಳದ ಬಾಯಿಯಲ್ಲಿ, ಕಂಬದ ಪಕ್ಕ, ಸ್ಕಿಪ್‌ನ ಜಾಗ ಖಾಲಿ. ಅದರ ಎಡಕ್ಕೆ ತನ್ನ ಜಾಗದಲ್ಲಿ ನೋರೀನ್ ನಿಂತಳು. ಆ ಖಾಲಿ ಜಾಗದ ಕಡೆಯ ತೋಳು ತಣ್ಣಗಾದಂತೆ ಅವಳಿಗೆ ಅನ್ನಿಸಿತು.

"ಇಲ್ಲಿರೋರಲ್ಲಿ ಕಿರಿಯರು ಯಾರು?"

ಎಲ್ಲರೂ ಅತ್ತಿತ್ತ ನೋಡಿದರು. "ಡೀನ್," ಎಂದರು ಯಾರೋ. ಡೀನ್‌ನ ಗಡ್ಡ ಅರ್ಧ ಬೆಳ್ಳಗಾಗಿತ್ತು. ಒಬ್ಬಿಬ್ಬರು ನಕ್ಕರು, ನಗು ಹಾಗೇ ಬತ್ತಿತು.

"ನಾನಲ್ಲ," ಎಂದ ಡೀನ್. ಬಾಗಿಲ ಕಡೆ ನೋಡಿದ. "ಬಂದಾಗಿಂದ ಅಲ್ಲೇ ಇದಾಳೆ. ಒಳಗೆ ಬಾ ಅಂದ್ರೆ ಬರಲ್ಲ."

ಹೊಸ್ತಿಲಾಚೆ, ಮೆಟ್ಟಿಲ ಮೇಲೆ, ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಂಡು ಮೀಕಾ ನಿಂತಿದ್ದಳು. ತೆಳ್ಳನೆಯ ಹುಡುಗಿ, ಮೊಣಕಾಲಲ್ಲಿ ಗಾಯದ ಕಲೆ. ಒಳಗೆ ಇಷ್ಟು ಜನ ದೊಡ್ಡವರಿದ್ದರೂ ಅವಳ ಕಣ್ಣು ಅವರ ಮೇಲಿರಲಿಲ್ಲ. ಅವಳು ನೋರೀನಳನ್ನು ನೋಡಿದಳು. ಆಮೇಲೆ ನೋರೀನಳ ಪಕ್ಕದ ಖಾಲಿ ಜಾಗವನ್ನು ನೋಡಿದಳು, ಎತ್ತರದ ಮನುಷ್ಯನ ಮುಖ ಇರುವಷ್ಟು ಮೇಲೆ. ತುಟಿ ಅಲ್ಲಾಡಿತು. ಒಬ್ಬರು, ಇಬ್ಬರು.

ಹೊಸ್ತಿಲು ದಾಟಿ ಒಳಗೆ ಬಂದಳು.

ಅವಳು ಕಂಬದ ಬಳಿ ಹೋಗಿ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿದಳು. ಹಗ್ಗ ಕಿರುಗುಟ್ಟುತ್ತ ಜಾರಿತು. ನರೆತ ತಲೆಗಳ ಪಕ್ಕ ಸಲ್ಯೂಟಿಗೆ ಮೂರು ಮೂರು ಬೆರಳು ಮೇಲೆದ್ದವು. ಬಾವುಟ ನೆಲಕ್ಕೆ ತಾಗದಂತೆ ತೋಳ ಮೇಲೆ ತೆಗೆದುಕೊಂಡು, ಮಡಿಸಿ, ಅಂಚು ಸರಿಮಾಡಿ, ಸ್ಕಿಪ್‌ನ ಜಾಗದ ಮುಂದೆ ಹೋಗಿ ನಿಂತಳು. ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಳು.

ಹಿಡಿದೇ ನಿಂತಳು. ತೆಗೆದುಕೊಳ್ಳುವವರಿಲ್ಲದಿದ್ದರೂ ಇಳಿಸಲಿಲ್ಲ.

ನೋರೀನಳಿಗೆ ತಡೆಯಲಾಗಲಿಲ್ಲ. ಬಲಕ್ಕೆ ಒಂದು ಹೆಜ್ಜೆ ಸರಿದು ಕ್ಲೆಮ್‌ನ ಜಾಗದಲ್ಲಿ ನಿಂತು, ಬಾವುಟ ತೆಗೆದುಕೊಂಡಳು. ಇನ್ನು ಮಾತೊಂದು ಉಳಿದಿತ್ತು. ಅದನ್ನು ಹೇಳಿಬಿಟ್ಟರೆ ಅವನು ಹೋಗಬಹುದಿತ್ತು, ಎಲ್ಲರೂ ಹೋಗಬಹುದಿತ್ತು.

"ಗುರುವಾರ," ಎಂದಳು. "ಆರೂವರೆ. ತಡ ಮಾಡಬೇಡಿ."

ಯಾರೂ ಕದಲಲಿಲ್ಲ. ಆಲಿಸ್ಟರ್ ಫೆನ್ ನೆಲ ನೋಡುತ್ತಿದ್ದ. ಡೀನ್ ತನ್ನ ಬೂಟು ನೋಡುತ್ತಿದ್ದ.

ಮೀಕಾ ಸಲ್ಯೂಟ್ ಮಾಡಿದಳು. ನೋರೀನಳ ಎಡಕ್ಕೆ, ಅವಳು ಈಗ ತಾನೇ ಬಿಟ್ಟ ಜಾಗದ ಕಡೆ, ಕತ್ತು ಹೊರಳಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಈಗ ಲೀಡರ್ ಒಬ್ಬರೇ ಇದ್ದರು.

ಹುಡುಗಿ ತಿರುಗಿ, ಲಾಳದ ನಡುವೆ ಹಾದು, ಹೊಸ್ತಿಲು ದಾಟಿ ಹೊರಗೆ ಹೋದಳು. ಮೆಟ್ಟಿಲ ಮೇಲೆ ಒಳಗಡೆಗೆ ಮುಖ ಮಾಡಿ ಕೂತಳು. ಜೇಬಿನಿಂದ ಒಂದು ತುಂಡು ಹಗ್ಗ ತೆಗೆದು, ಅದರ ಒಂದು ತುದಿಯನ್ನು ಹೊಸ್ತಿಲಿನ ಮೇಲಿಂದ ಒಳಗೆ ಹಾಕಿ, ಇನ್ನೊಂದು ತುದಿ ಹಿಡಿದುಕೊಂಡು ಕಾಯತೊಡಗಿದಳು. ತೆರೆದ ಬಾಗಿಲಿಂದ ಚಳಿಗಾಳಿ ಒಳಗೆ ಬರುತ್ತಿತ್ತು.